ಬಾಂದ್ರಾ-ಕುರ್ಲಾದ ಮೇ ತಿಂಗಳ ಚಳಿಗಾಲ

ಕೆನಡಾದ ವಿನಿಪೆಗ್ ನಗರದಲ್ಲಿ ಜನವರಿಯ ರಾತ್ರಿಗಳು ಮೈನಸ್ 20 ಡಿಗ್ರಿಯ ಆಸುಪಾಸಿನಲ್ಲಿರುವುದು ಮಾಮೂಲು. 1879ರ ಡಿಸೆಂಬರಿನಲ್ಲಿ ಅಲ್ಲಿ ಮೈನಸ್ 47.8 ಡಿಗ್ರಿ ದಾಖಲಾದದ್ದೂ ಉಂಟು. ರಾತ್ರಿ ಕಾರು ನಿಲ್ಲಿಸಿದವರು ಅದರ ಮುಂಭಾಗದಲ್ಲಿ ಜೋತಾಡುವ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿ, ಎಂಜಿನ್ನನ್ನು ಬೆಚ್ಚಗಿರಿಸಿ ಮಲಗುತ್ತಾರೆ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಪರಿಚಯದ ಮನೆಯ ಹುಡುಗನೊಬ್ಬ ಓದಲು ಅಲ್ಲಿಗೆ ಹೋದಾಗಿನಿಂದ ಅವನ ತಾಯಿಗೆ ಸರಿಯಾಗಿ ನಿದ್ದೆಯಿಲ್ಲ. "ಸ್ವೆಟರ್ ಹಾಕಿದ್ದೀಯೇನೋ? ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದೀಯಾ?" ಎಂದು ಫೋನಿನಲ್ಲಿ ಕೇಳಿದರೆ, "ಅಮ್ಮಾ, ಮನೆಯೊಳಗೆ 21 ಡಿಗ್ರಿ ಇದೆ, ಬನಿಯನ್ನಿನಲ್ಲಿ ಕೂತಿದ್ದೇನೆ" ಎನ್ನುತ್ತಾನೆ. ಹೊರಗೆ ಹೋಗುವಾಗ ಪದರ ಪದರವಾಗಿ ತೊಟ್ಟದ್ದನ್ನೆಲ್ಲ ಬಾಗಿಲಲ್ಲೇ ಕಳಚಿಟ್ಟು ಒಳಗೆ ಹಗುರಾಗಿ ಓಡಾಡುವುದು ಆ ಊರಿನ ಪದ್ಧತಿ.

ಆ ತಾಯಿ ನಿಜವಾಗಿ ಚಿಂತಿಸಬೇಕಾದದ್ದು ಮುಂಬಯಿಯ ದೊಡ್ಡ ದೊಡ್ಡ ಕಚೇರಿಗಳಿರುವ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕೆಲಸಕ್ಕಿರುವ ಮಗಳ ಬಗ್ಗೆ. ಮುಂಬಯಿ ಇಡ್ಲಿ ಅಟ್ಟದಂತೆ ಹಬೆಯಾಡುವ ಮೇ ತಿಂಗಳಲ್ಲಿ ಲೋಕಲ್ ರೈಲಿನಲ್ಲಿ ಹಿಂಡಿಸಿಕೊಂಡು, ಬೆವರಿನಲ್ಲಿ ತೊಯ್ದು ಕಚೇರಿ ಸೇರುವ ಆಕೆ, ಕುರ್ಚಿಯ ಬೆನ್ನಿಗೆ ಕಾಯಂ ಆಗಿ ತೂಗುಹಾಕಿರುವ ಉಣ್ಣೆ ಶಾಲನ್ನು ಹೊದ್ದುಕೊಂಡೇ ಕಂಪ್ಯೂಟರ್ ಹಚ್ಚುತ್ತಾಳೆ. ತಲೆಯ ಮೇಲಿನ ಎಸಿ ಕಿಂಡಿಗೆ ಯಾರೋ ಪುಣ್ಯಾತ್ಮರು ಹಳೆಯ ಕ್ಯಾಲೆಂಡರಿನ ರಟ್ಟನ್ನು ಸೆಲ್ಲೋಟೇಪಿನಿಂದ ಅಂಟಿಸಿದ್ದಾರೆ. ಅದರ ಒಂದು ಮೂಲೆ ಬಿಟ್ಟುಕೊಂಡು ದಿನವಿಡೀ ಪಟಪಟನೆ ಬಡಿಯುತ್ತಿರುತ್ತದೆ. ಉಷ್ಣತೆ ಬದಲಿಸುವ ಗುಂಡಿಗೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ಕವಚವಿದ್ದು, ಅದಕ್ಕೊಂದು ಬೀಗವೂ ಇದೆ. ಆದ್ದರಿಂದ 18 ಎಂಬ ಅಂಕಿಯನ್ನು ಎಲ್ಲರೂ ದರ್ಶನ ಮಾಡಬಹುದು, ಮುಟ್ಟುವಂತಿಲ್ಲ. ಕೀಲಿಕೈ ಎಲ್ಲಿ ಎಂದರೆ ಅಡ್ಮಿನ್‌ನವರು ಕಟ್ಟಡದವರತ್ತ ಬೆರಳು ತೋರಿಸುತ್ತಾರೆ, ಕಟ್ಟಡದವರು ಅಡ್ಮಿನ್‌ನವರತ್ತ.

ಕೋಣೆಯ ಎಸಿಗಳು ಹಚ್ಚಿದೊಡನೆ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2020ರ ಜನವರಿ 1ರಿಂದ ಜಾರಿಗೆ ತಂದಿದೆ. ನಮ್ಮ ಮನೆಗಳ ಬಡ ಎಸಿಗಳು ಅದನ್ನು ಪಾಲಿಸುತ್ತಿವೆ; ಇಡೀ ಗಾಜಿನ ಕಟ್ಟಡವನ್ನು ತಣಿಸುವ ಮಹಾಯಂತ್ರಕ್ಕೆ ಇಂಥ ಸಣ್ಣಪುಟ್ಟ ಕಟ್ಟಳೆಗಳು ತಾಗುವುದಿಲ್ಲ. (ತಂಪಿನ ವಿಷಯದಲ್ಲಿ ಈ ಊರಿನ ಮುಹೂರ್ತಜ್ಞಾನ ಮೊದಲಿನಿಂದಲೂ ವಿಶೇಷವಾದದ್ದು: ಪಶ್ಚಿಮ ರೈಲ್ವೆಯ ಮೊದಲ ಎಸಿ ಲೋಕಲ್ ಹಳಿಗಿಳಿದದ್ದು 2017ರ ಡಿಸೆಂಬರ್ 25ರಂದು.) ಅಷ್ಟಕ್ಕೂ 18 ಡಿಗ್ರಿ ಯಾರಿಗಾಗಿ ಎಂದು ಹುಡುಕುತ್ತ ಹೋದರೆ, ಕೋಟು ತೊಟ್ಟು, ಟೈ ಬಿಗಿದು ಮೂಲೆಯ ಕ್ಯಾಬಿನ್ನಿನಲ್ಲಿ ಕುಳಿತ ಸಾಹೇಬರು ಸಿಗುತ್ತಾರೆ. ಅವರೊಬ್ಬರ ಕೋಟಿಗೆ ಸೆಕೆಯಾಗಬಾರದೆಂದು ಮಿಕ್ಕವರೆಲ್ಲರೂ ಶಾಲು ಹೊದೆಯಬೇಕಾಗಿದೆ. ವಿನಿಪೆಗ್ಗಿನಲ್ಲಿ ಎಂಜಿನ್ನು ಹೆಪ್ಪುಗಟ್ಟದಿರಲು ವಿದ್ಯುತ್ತು ಖರ್ಚಾದರೆ, ಇಲ್ಲಿ ಗುಮಾಸ್ತರು ಹೆಪ್ಪುಗಟ್ಟಲು ಖರ್ಚಾಗುತ್ತದೆ.

ಕೊನೆಗೆ ಸಿಬ್ಬಂದಿಯೆಲ್ಲ ಸಹಿ ಹಾಕಿ ಒಂದು ದೂರು ಕೊಟ್ಟರು. ಆಡಳಿತವರ್ಗ ಅದನ್ನು ಬಹಳ ಗಂಭೀರವಾಗಿ ಪರಿಗಣಿಸಿತು, ಒಂದು ಸಮಿತಿಯನ್ನೂ ಮಾಡಿತು. ಕಳೆದ ವಾರ ಪ್ರತಿಯೊಬ್ಬರ ಮೇಜಿಗೂ ಕಂಪನಿಯ ಲಾಂಛನ ಹೊತ್ತ ದಪ್ಪನೆಯ ಜಾಕೆಟ್ಟೊಂದು ಬಂದಿದೆ; ಬೆಲೆಯನ್ನು ಸಂಬಳದಲ್ಲಿ ಮೂರು ಕಂತುಗಳಲ್ಲಿ ಹಿಡಿದುಕೊಳ್ಳುತ್ತಾರಂತೆ.