ಮಾರ್ಚ್ ಬಂತು, ತಲೆನೋವು ತಂತು

ನಿನ್ನೆ ಅಂಗಡಿಯಲ್ಲಿ ಹಾಲಿಗೆ ಬಿಲ್ ಮಾಡಿಸುತ್ತಿದ್ದೆ. ಕೌಂಟರಿನ ಹುಡುಗ ಕೇಳಿದ, "ಗುರುವಾರ ನಾವೇ ಗೆಲ್ಲೋದು ಅಲ್ವಾ?" ಸಾಕಪ್ಪಾ ಸಾಕು!

ಅಮೆರಿಕದ ಕಾಲೇಜು ಊರಲ್ಲಿ ಮಾರ್ಚ್ ಕಳೆದವರಿಗೇ ಗೊತ್ತು ಈ ಪಾಡು. ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡಾ ಸಂಘದ ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ 68 ತಂಡ. ನಮ್ಮೂರ ಕಾಲೇಜಿಗೆ ಸಿಕ್ಕಿದ್ದು 16ನೇ ಶ್ರೇಯಾಂಕ, ಅಂದರೆ ಗುಂಪಿನಲ್ಲಿ ಕಟ್ಟಕಡೆ, ಎದುರಿಗೆ ಆನೆಯಂಥ ತಂಡ. ಆದರೂ ಎಲ್ಲರದ್ದೂ 2018ರ ಜಪ. ಆ ವರ್ಷ ಯುಎಂಬಿಸಿ ಎಂಬ 16ನೇ ಶ್ರೇಯಾಂಕದ ಕಾಲೇಜು ತಂಡ ಅಗ್ರ ಶ್ರೇಯಾಂಕದ ವರ್ಜೀನಿಯಾವನ್ನು 74-54ರಲ್ಲಿ ಬಡಿದು ಹಾಕಿತ್ತು. ಸರಿ, ಬಡಿಯಿತು. ನಾನೇನು ಆರತಿ ಎತ್ತಲಾ?

ಆಫೀಸಲ್ಲಿ ಬ್ರಾಕೆಟ್ ತುಂಬು, ಅಂದರೆ ಯಾವ ಆಟ ಯಾರು ಗೆಲ್ಲುತ್ತಾರೆ ಅಂತ ಊಹಿಸಿ ಪಟ್ಟಿ ಬರಿ ಅಂತ ಕಾಟ. ಆಟ 40 ನಿಮಿಷದ್ದು, ಜಾಹೀರಾತು, ಟೈಮ್‌ಔಟ್ ಸೇರಿ ಎರಡು ಗಂಟೆ. ಕೊನೆಯ ಎರಡು ನಿಮಿಷವಂತೂ ಇಡೀ ರಾತ್ರಿ ಯಕ್ಷಗಾನ!

ಇದರ ಮೇಲೆ ಕಾಲೇಜಿನ ಹೊಸ ಅರೇನಾ, ಅಂದರೆ ಒಳಾಂಗಣ ಕ್ರೀಡಾಂಗಣ. ಇನ್ನೂ ಗುಂಡಿ ತೋಡಿದ್ದಾರೆ ಅಷ್ಟೇ. ಆಗಲೇ ಯಾರ ಸೀಟು ಯಾವ ಸಾಲಲ್ಲಿ ಅಂತ ಜಗಳ. ಕೂಸು ಹುಟ್ಟೋ ಮುಂಚೆ ಕುಲಾವಿ. ದೊಡ್ಡ ದಾನ ಕೊಟ್ಟವರಿಗೆ ಅಂಕಣದ ಪಕ್ಕ ಮೆತ್ತನೆ ಕುರ್ಚಿ, ಉಳಿದವರಿಗೆ ಹದ್ದು ಹಾರುವ ಎತ್ತರ. ಹಳೇ ಜಿಮ್ಮಿನ ಮರದ ಬೆಂಚಲ್ಲಿ ಸೊಂಟ ಮುರೀತು ಅಂತ ಹತ್ತು ವರ್ಷ ಬೈದವರೇ ಈಗ, "ಆ ಗದ್ದಲ ಹೊಸದರಲ್ಲಿ ಬರುತ್ತಾ?" ಅಂತ ಕಣ್ಣೊರೆಸಿಕೊಳ್ಳುತ್ತಾರೆ. ಇವರಿಗೆ ಬೇಕಾದ್ದಾದರೂ ಏನು?

ನಮ್ಮ ಯಜಮಾನರೂ ಅದೇ ಗುಂಪು. ಮದುವೆ ದಿನ ನೆನಪಿಲ್ಲ, ಎಲ್ಲ ಆಟಗಾರರ ಫ್ರೀ ಥ್ರೋ ಲೆಕ್ಕ ಬಾಯಿಪಾಠ. ಈಗ ಕಾರು ಸ್ಟಾರ್ಟ್ ಮಾಡಿ ಕರೆಯುತ್ತಿದ್ದಾರೆ. ಎಲ್ಲಿಗೆ ಗೊತ್ತಾ? ಆ ಗುಂಡಿ ನೋಡೋಕೆ!