ಹೊಂಡಕ್ಕಿಳಿಯುವ ನೀರು, ಹಾಪ್‌ಫೀಲ್ಡ್ ಕಂಡ ನೆನಪು

2024ರಲ್ಲಿ ಜಾನ್ ಹಾಪ್‌ಫೀಲ್ಡ್, ಜೆಫ್ರಿ ಹಿಂಟನ್ ಇಬ್ಬರಿಗೂ ನ್ಯೂರಲ್ ನೆಟ್‌ವರ್ಕ್ (ಮೆದುಳಿನ ನರಕೋಶ ಅಂದರೆ ನ್ಯೂರಾನ್‌ಗಳ ಮಾದರಿಯಲ್ಲಿ ಕಲಿಯುವ ಕಂಪ್ಯೂಟರ್ ಜಾಲ) ಕೆಲಸಕ್ಕೆ ಫಿಸಿಕ್ಸ್ ನೊಬೆಲ್ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಶುರುವಾದ ಮಾತು ಇನ್ನೂ ಮುಗಿದಿಲ್ಲ. "ನ್ಯೂರಲ್ ನೆಟ್‌ವರ್ಕ್ ಕಂಪ್ಯೂಟರ್‌ನವರ ಕೆಲಸ ಅಲ್ವಾ ಮೇಷ್ಟ್ರೇ?" ಅಂತ ಈಗಲೂ ಕೇಳುತ್ತಾರೆ. ಪಿಯುಸಿಗೆ ಪಾಠ ಮಾಡುವ ನನ್ನ ಪ್ರಕಾರ ಅದು ಅಪ್ಪಟ ಫಿಸಿಕ್ಸ್.

ನಮ್ಮ ಚಿತ್ರದುರ್ಗದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮಳೆ ನಿಂತ ಮೇಲೆ ಕೋಟೆ ಹತ್ತಿ, ಒಂದು ಬಂಡೆ ಮೇಲೆ ಸುಮ್ನೆ ಕೂತು ನೋಡಿ. ನೀರಿಗೆ ಯಾರೂ ದಾರಿ ಹೇಳಿಕೊಟ್ಟಿಲ್ಲ. ಇಳಿಜಾರು ಇದ್ದತ್ತ ಜಾರುತ್ತದೆ, ಬಿರುಕು ಸಿಕ್ಕಲ್ಲಿ ತಿರುಗುತ್ತದೆ, ಕೊನೆಗೆ ಹತ್ತಿರದ ತಗ್ಗಿನಲ್ಲಿ ನಿಲ್ಲುತ್ತದೆ. ಒಂದು ಹನಿ ಗೋಪಾಲಸ್ವಾಮಿ ಹೊಂಡಕ್ಕೆ, ಇನ್ನೊಂದು ಅಕ್ಕ-ತಂಗಿ ಹೊಂಡಕ್ಕೆ.

1982ರಲ್ಲಿ ಹಾಪ್‌ಫೀಲ್ಡ್ ನೆನಪನ್ನು ಹೀಗೇ ಕಂಡರು. ಅಯಸ್ಕಾಂತದೊಳಗೆ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅಕ್ಕಪಕ್ಕದವು ಎಳೆದಂತೆ ಮೇಲಕ್ಕೋ ಕೆಳಕ್ಕೋ ಮುಖ ಮಾಡುತ್ತದೆ, ಒಟ್ಟು ಎನರ್ಜಿ ಇಳಿಯುತ್ತದೆ. ಪರಮಾಣುವಿನ ಜಾಗದಲ್ಲಿ ಆನ್-ಆಫ್ ಆಗುವ ನ್ಯೂರಾನ್ ಇಟ್ಟರೆ? ಆಗ ಕಲಿಸುವುದು ಅಂದರೆ ನ್ಯೂರಾನ್‌ಗಳ ನಡುವಿನ ಕೊಂಡಿಗಳನ್ನು ಹೊಂದಿಸಿ, ಒಂದೊಂದು ಚಿತ್ರಕ್ಕೂ ಒಂದೊಂದು ಹೊಂಡ ತೋಡುವುದು. ಆಮೇಲೆ ಅರ್ಧ ಅಳಿಸಿದ ಚಿತ್ರ ಕೊಡಿ. ನ್ಯೂರಾನ್‌ಗಳು ಒಂದೊಂದಾಗಿ ಬದಲಾಗುತ್ತಾ, ಎನರ್ಜಿ ಇಳಿಯುತ್ತಾ, ಇಡೀ ನೆಟ್‌ವರ್ಕ್ ಹತ್ತಿರದ ಹೊಂಡಕ್ಕೆ ಬಂದು ನಿಲ್ಲುತ್ತದೆ. ಅಲ್ಲಿರುವುದು ಪೂರ್ತಿ ಚಿತ್ರ! ಮೊದಲ ಸಲ ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೊಂಡ ಜಾಸ್ತಿಯಾದರೆ ಒಂದರೊಳಗೊಂದು ಕಲಸಿಹೋಗುತ್ತವೆ. ಸಾವಿರ ನ್ಯೂರಾನಿಗೆ ಸುಮಾರು 140 ನೆನಪು, ಅಷ್ಟೇ. ಈ ಲೆಕ್ಕ ಸಿಕ್ಕಿದ್ದೂ ಸ್ಪಿನ್ ಗ್ಲಾಸ್ ಎಂಬ ವಿಚಿತ್ರ ಅಯಸ್ಕಾಂತಗಳ ಗಣಿತದಿಂದ.

ನೀರು ಸಣ್ಣ ಗುಂಡಿಯಲ್ಲೇ ಸಿಕ್ಕಿಕೊಂಡರೆ? ಅದಕ್ಕೆ ಹಿಂಟನ್ ಮತ್ತು ಜೊತೆಗಾರರು ಶಾಖ ತಂದರು. ಕಮ್ಮಾರರು ಕಬ್ಬಿಣ ಕಾಯಿಸಿ ನಿಧಾನಕ್ಕೆ ಆರಲು ಬಿಡುತ್ತಾರಲ್ಲ, ಹಾಗೆ. ಬಿಸಿ ಇರುವಾಗ ಆಗಾಗ ಏರಿನ ಕಡೆಗೂ ಜಿಗಿತ ಆಗುತ್ತದೆ, ಗುಂಡಿಯಿಂದ ಹೊರಗೆ ಬರಬಹುದು. ಆ ಜಿಗಿತ ಎಷ್ಟು ಸಲ ಎಂಬ ಸೂತ್ರ 19ನೇ ಶತಮಾನದ ಫಿಸಿಕ್ಸ್ ವಿಜ್ಞಾನಿ ಬೋಲ್ಟ್ಸ್‌ಮನ್ ಅವರದು. ಹಿಂಟನ್ ತಂಡದ ಈ ನೆಟ್‌ವರ್ಕ್‌ನ ಹೆಸರೂ ಬೋಲ್ಟ್ಸ್‌ಮನ್ ಮಷೀನ್. ಇವತ್ತು ಚಾಟ್‌ಬಾಟ್ ಮುಂದಿನ ಪದ ಆರಿಸುವಾಗ 'ಟೆಂಪರೇಚರ್' ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಅದೂ ಇದೇ ಸೂತ್ರದ ಟಿ, ಅಂದರೆ ತಾಪಮಾನ.

"ಎಐ ಓದ್ತೀನಿ ಸರ್, ಫಿಸಿಕ್ಸ್ ಪಾಸಾದ್ರೆ ಸಾಕು" ಅಂತ ಮಕ್ಕಳು ಹೇಳಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಈ ಸಲ ಥರ್ಮೋಡೈನಾಮಿಕ್ಸ್ ಪಾಠವನ್ನು ಕೋಟೆ ಮೇಲೆಯೇ ಶುರು ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಬನ್ನಿ. ಒಬ್ಬೊಬ್ಬರೂ ಒಂದು ಬಾಟಲಿ ನೀರು ಜಾಸ್ತಿ ತನ್ನಿ, ಬಂಡೆ ಮೇಲೆ ಸುರಿಯುವುದಕ್ಕೆ.