ಹಸ್ತಪ್ರತಿ ಬ್ಯಾಡ ಅನ್ನೋರು ನಮ್ಮ ಕಡೆ ಯಾರದಾರ?

ಪುಣೆದಾಗಿನ ನನ್ನ ಮರಾಠಿ ಗೆಳೆಯರಿಗೆ ಎಷ್ಟು ಹೇಳಿದ್ರೂ ತಲಿಗಿ ಹೋಗ್ಲಾರದ ಮಾತೊಂದದ. ಕಲಬುರಗಿ ಕಡೆ ಮೊದಲ್ನೇ ಪುಸ್ತಕ ಪ್ರಕಾಶಕರು ಒಪ್ಕೊಳ್ಳೋದು ಸಮಸ್ಯೇನೇ ಅಲ್ಲ, ಯಾಕಂದ್ರ ಬ್ಯಾಡ ಅನ್ನೋರೇ ಕಡಿಮಿ. ಇಲ್ಲಿ ಪುಣೆದಾಗ ಹೊಸ ಹುಡುಗ ಕಾದಂಬರಿ ಬರದು ಕೊಟ್ಟು ತಿಂಗಳಗಟ್ಲೆ ಕಾಯ್ತಾನ, ವಾಪಸ್ ಬಂದ್ರ ಇನ್ನೊಂದು ಕಡೆ ಕೊಡ್ತಾನ, ಅಪ್ಪಾ ಬಳವಂತ ಚೌಕದಾಗ ಪುಸ್ತಕದಂಗಡಿ ಮುಂದ ನಿಂತು ನಂದು ಯಾವಾಗ ಅಂತ ನೋಡ್ತಾನ. ನಮ್ಮಲ್ಲಿ ಫೈಲ್ ವಾಟ್ಸಾಪ್ ಮಾಡಿದ್ರ ಸಂಜಿಗೇ ಉತ್ತರ ಬರ್ತದ, ಛಲೋ ಅದರಿ ಸರ್, ಇಷ್ಟು ಫಾರಂ ಆಗ್ತದ, ಇಷ್ಟು ಪ್ರತಿಗಿ ಇಷ್ಟು ರೊಕ್ಕ, ಮುಖಪುಟ ಬ್ಯಾರೆ. ಒಂದು ಫಾರಂ ಅಂದ್ರ 16 ಪುಟ, ಓದೋಕಿಂತ ಮೊದಲೇ ಅದನ್ನ ಎಣಿಸಿರ್ತಾರ.

ಇದನ್ನ ಬೈಲಿಕ್ಕಿ ಹೇಳ್ತಿಲ್ಲ. ಪುಣೆದಾಗೂ ರೊಕ್ಕ ತೊಗೊಂಡು ಅಚ್ಚು ಹಾಕೋರು ಬೇಕಾದಷ್ಟು ಅದಾರ. ಫರಕ್ ಏನಂದ್ರ ಇಲ್ಲಿ ಅದರ ಜೊತಿಗೆ ಇನ್ನೊಂದು ದಾರಿನೂ ಅದ, ಮತ್ತ ಆ ದಾರಿ ಹಳೇದು. 1909ರಾಗ ‘ಮನೋರಂಜನ’ ಅನ್ನೋ ಮರಾಠಿ ಪತ್ರಿಕೆ ದೀಪಾವಳಿ ಅಂಕ, ಅಂದ್ರ ಹಬ್ಬದ ವಿಶೇಷಾಂಕ, ಶುರು ಮಾಡ್ತು, ಇವತ್ತಿಗೂ ಪ್ರತಿ ದೀಪಾವಳಿಗಿ ರಾಶಿ ರಾಶಿ ಅಂಕ ಬರ್ತಾವ, ಹೊಸಬರು ಮೊದಲು ಅಲ್ಲಿ ಕಥಿ ಹಾಕಿ ಆಮ್ಯಾಲೆ ಪುಸ್ತಕದ ಮಾತು ಎತ್ತತಾರ. ‘ಸತ್ಯಕಥಾ’ ಅಂತ ಒಂದು ಮಾಸಿಕ ಇತ್ತು, 1982ರಾಗ ನಿಂತು ಹೋಯ್ತು, ಅದರ ಸಂಪಾದಕರು ಶ್ರೀ.ಪು. ಭಾಗವತ್, ರಾಮ್ ಪಟವರ್ಧನ್, ಇವ್ರು ಕಥಿ ವಾಪಸ್ ಕಳಿಸುವಾಗ ಎಲ್ಲಿ ಜೋಲ್ತದ, ಯಾವ ಪಾತ್ರ ನಿಂತಿಲ್ಲ ಅಂತ ಕಾಗದ ಬರೀತಿದ್ರು ಅಂತ ಇಲ್ಲಿನ ಹಿರಿಯರು ಇನ್ನೂ ಹೇಳ್ತಾರ. ಈಗ ಅಷ್ಟು ತಾಳ್ಮಿ ಯಾರಿಗೂ ಇಲ್ಲ ಅಂತನೂ ಅವರೇ ಅಂತಾರ, ಅದು ಬ್ಯಾರೆ ಮಾತು.

ನಮ್ಮಲ್ಲಿ ಯಾಕ ಹಿಂಗ ಆಗ್ಯದ ಅಂದ್ರ ಪ್ರಕಾಶಕರು ಕೆಟ್ಟವರಂತಲ್ಲ, ಲೆಕ್ಕ ಹಂಗದ. ಕಲಬುರಗಿ ಬೀದರ ಯಾದಗಿರಿ ಮೂರೂ ಕೂಡಿಸಿದ್ರೂ ಕಥಿ ಕವನ ಇಟ್ಟು ಮಾರೋ ಅಂಗಡಿ ಕೈಬೆರಳಷ್ಟು, ಕಾಂಪಿಟಿಟಿವ್ ಎಕ್ಸಾಮ್ ಗೈಡ್ ಬಿಟ್ರ ಕೌಂಟರ್ ಮ್ಯಾಲೆ ಜಾಗ ಇಲ್ಲ. ಉಳದಿದ್ದು ಗ್ರಂಥಾಲಯ ಇಲಾಖೆ ಸಗಟು ಖರೀದಿ, ಅದರ ರೊಕ್ಕ ಬರೋದು ಯಾವಾಗೋ, ಮತ್ತ ಅಲ್ಲಿ ರೇಟು ಕಟ್ಟೋದು ಪುಟದ ಲೆಕ್ಕದ ಮ್ಯಾಲೆ. ಈಗ ನೀವೇ ಹೇಳ್ರಿ, 160 ಪುಟದ ಹಸ್ತಪ್ರತಿ ಓದಿ ಇದರಾಗ 40 ಪುಟ ಸುಮ್ನ ಅದಾವ ತೆಗೀರಿ ಅನ್ನೋ ಎಡಿಟರ್‌ಗೆ ಪಗಾರ ಕೊಟ್ಟು ಇಟ್ಕೊಂಡ್ರ ಪ್ರಕಾಶಕರಿಗೆ ಎರಡೂ ಕಡೆ ನಷ್ಟ. ಹಿಂಗಾಗಿ ಎಡಿಟರ್ ಅನ್ನೋ ಮನುಷ್ಯನೇ ಇಲ್ಲ. ಡಿಟಿಪಿ ಮಾಡೋ ಹುಡುಗಿ ಕಾಗುಣಿತ ಕಂಡಷ್ಟು ತಿದ್ದತಾಳ, ಪ್ರೊಫೆಸರ್ ಒಬ್ರು ಮುನ್ನುಡಿ ಬರೀತಾರ, ಅದರಾಗ ಲೇಖಕರಿಗೆ ಉಜ್ವಲ ಭವಿಷ್ಯ ಇರ್ತದ, ಬಿಡುಗಡಿ ಫಂಕ್ಷನ್‌ದಾಗ ಶಾಲು ಹಾರ, ಗೌರವ ಪ್ರತಿ ಹಂಚಿ ಮುಗೀತು. ಉಳದ ಪ್ರತಿ ಲೇಖಕನ ಮನ್ಯಾಗ ಮಂಚದ ಕೆಳಗ. ಸೇಡಂ ತಾಲ್ಲೂಕಿನ ಮಳಖೇಡದಾಗಿದ್ದ ರಾಷ್ಟ್ರಕೂಟರ ಆಸ್ಥಾನದಾಗ ಹುಟ್ಟಿದ ‘ಕವಿರಾಜಮಾರ್ಗ’ದ ಮೊದಲ್ನೇ ಪರಿಚ್ಛೇದನೇ ಬರವಣಿಗಿ ದೋಷದ ಬಗ್ಗೆ ಅದ, ಅದೇ ತಾಲ್ಲೂಕಿನ ಹುಡುಗನ ಕಥಿದಾಗ ದೋಷ ಏನದ ಅಂತ ಹೇಳೋರಿಲ್ಲ.

ಓದೋರೇ ಇಲ್ಲ ಅನ್ನೋ ನೆಪ ನಾ ಒಪ್ಪಂಗಿಲ್ಲ. 2020 ಫೆಬ್ರುವರಿದಾಗ ಕಲಬುರಗಿ ಯೂನಿವರ್ಸಿಟಿ ಆವರಣದಾಗ 85ನೇ ಸಾಹಿತ್ಯ ಸಮ್ಮೇಳನ ಆದಾಗ ಪುಸ್ತಕ ಮಳಿಗಿ ಮುಂದ ಜನ ಹೆಂಗ ಮುಗಿಬಿದ್ದಿದ್ರು ಅಂತ ಎಲ್ಲಾರಿಗೂ ಗೊತ್ತದ.

ಹಂಗಾರ ಬೆಂಗಳೂರಿಗೆ ಕಳಸ್ರಿ ಅಂತೀರಿ. ಕಳಿಸಬೇಕು, ನಾನೂ ಅದೇ ಹೇಳ್ತೀನಿ. ಛಂದ ಪುಸ್ತಕದವರು ಹೊಸಬರ ಕಥೆಗಳ ಹಸ್ತಪ್ರತಿ ಕರದು, ತೀರ್ಪುಗಾರರಿಂದ ಓದಿಸಿ, ಆರಿಸಿ, ಬಹುಮಾನ ಕೊಟ್ಟು ತಾವೇ ಅಚ್ಚು ಹಾಕೋ ಪದ್ಧತಿ ನಡಸ್ಕೊಂಡು ಬಂದಾರ, ಕನ್ನಡ ಪುಸ್ತಕ ಪ್ರಾಧಿಕಾರದಾಗ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಅದ. ಆದ್ರ ಅಲ್ಲಿ ಆಗೋದು ಆಯ್ಕಿ. ಆಯ್ಕಿ ಆಗಲಾರದವನಿಗೆ ಯಾಕ ಆಗಿಲ್ಲ ಅಂತ ಹೇಳೋರು ಬೇಕಲ್ಲ? ಇನ್ನೊಂದು ತ್ರಾಸ ಭಾಷಾದ್ದು. ಗೆಳೆಯನೊಬ್ಬನ ಕಥಿ ಅಲ್ಲಿನ ಪ್ರಕಾಶಕರೊಬ್ರು ಒಪ್ಕೊಂಡ್ರು, ಪ್ರೂಫ್ ನೋಡಿದವರು ಜೇವರ್ಗಿ ಹೊಲದಾಗಿನ ಮುದುಕಿ ಬಾಯಾಗ ಮಂಡ್ಯದ ಮಾತು ಹಾಕಿ ಕಳಿಸಿದ್ರು, ಅಂವ ಅದನ್ನ ಮತ್ತ ಮೊದಲಿನಂಗ ಮಾಡ್ಲಿಕ್ಕಿ ಇಡೀ ಮಳಗಾಲ ಕಳದ. ತೊಗರಿ ರಾಶಿ ಹೆಂಗ ಮಾಡ್ತಾರ, ಉರ್ದು ತೆಲುಗು ಮರಾಠಿ ಕೂಡಿದ ನಮ್ಮ ಮಾತು ಎಲ್ಲಿ ಸಹಜ ಅದ ಎಲ್ಲಿ ಬೇಕಂತ ತುರಕ್ಯಾರ, ಇದನ್ನ ಹಿಡಿಯೋ ಕಿವಿ ನಮ್ಮ ಊರಾಗೇ ಇರೋದು. ಅದಕ್ಕ ಎಡಿಟರ್ ಕಲಬುರಗಿದಾಗೇ ಬೇಕು ಅನ್ನೋದು ನನ್ನ ಹಠ.

ರೊಕ್ಕ ಎಲ್ಲಿಂದ ಅಂತ ಕೇಳ್ತೀರಿ. ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371(ಜೆ) ಕಲಂ ಬಂದ ಮ್ಯಾಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗಿ ಕೋಟಿಗಟ್ಲೆ ಬರ್ತದ, ರಸ್ತೆ ಕಟ್ಟಡಕ್ಕ ಹೋಗ್ಲಿ ಬ್ಯಾಡ ಅನ್ನಂಗಿಲ್ಲ, ಅದರಾಗ ಹಸ್ತಪ್ರತಿ ಓದಿ ಟಿಪ್ಪಣಿ ಬರಿಯೋ ನಾಲ್ಕು ಮಂದಿಗಿ ಪಗಾರ ಕೊಟ್ರ ಮಂಡಳಿ ಏನ್ ಮುಳಗ್ತದ? ಪುಸ್ತಕ ಪ್ರಕಟಿಸೋ ಯೂನಿವರ್ಸಿಟಿ ಪ್ರಸಾರಾಂಗ ಅದ, ಕನ್ನಡ ಎಂ.ಎ. ಮಾಡಿ ಖಾಲಿ ಕುಂತ ಹುಡುಗ್ರು ಅದಾರ, ಹೊಸಬರಿಗಂತ ಒಂದು ದೀಪಾವಳಿ ಅಂಕ ಅಲ್ಲಿಂದೇ ತೆಗೀಬಹುದು.

ಅದು ಆಗೋ ತನಕ ಯಾದಗಿರಿದಾಗೋ ಹುಮನಾಬಾದ್‌ದಾಗೋ ಫೈಲ್ ಹಿಡ್ಕೊಂಡು ಕುಂತವರಿಗೆ ನಂದೊಂದು ಮಾತು. ಮೊದಲು ಎರಡು ಕಥಿ ಪತ್ರಿಕೆಗೆ ಕಳಸ್ರಿ, ತಿರಸ್ಕಾರ ಆಗ್ಲಿ, ಏನಾಗಂಗಿಲ್ಲ. ಪುಸ್ತಕದ ಗುರುತಿಗಿ ಹಾಕೋ ಐಎಸ್‌ಬಿಎನ್ ನಂಬರಿಗಂತ ಯಾರಾರ ಬ್ಯಾರೆ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ, ನಮ್ಮ ದೇಶದಾಗ ಅದು ಪುಕ್ಕಟೆ. ಹಕ್ಕು ಯಾರ ಹೆಸರಿಗೆ, ಎಷ್ಟು ಪ್ರತಿ, ಎಲ್ಲಿ ಮಾರ್ತೀರಿ ಅಂತ ಬರದು ಕೊಡ್ರಿ ಅನ್ರಿ. ಎಲ್ಲಕ್ಕಿಂತ ಮೊದಲು, ನನ್ನ ಪುಸ್ತಕ ನಿಮ್ಮಲ್ಲಿ ಯಾರು ಓದತಾರ ಅಂತ ಕೇಳ್ರಿ. ಪ್ರೂಫ್ ನೀವೇ ನೋಡ್ಕೊಂಡು ಬಿಡ್ರಿ ಸರ್ ಅಂತ ಉತ್ತರ ಬಂತಂದ್ರ ಅದು ಪ್ರಿಂಟಿಂಗ್ ಪ್ರೆಸ್, ಕಾಗದದ ಕ್ವಾಲಿಟಿ ನೋಡಿ ರೇಟು ಚೌಕಾಸಿ ಮಾಡ್ರಿ.